ಚಲನಶಾಸ್ತ್ರದ ಆಚಾರ್ಯ ಗೆಲಿಲಿಯೋ

ಮರದಿಂದ ಹಣ್ಣು ಬೀಳುವುದನ್ನೂ, ಇಳಿಜಾರಿನಲ್ಲಿ ಗಾಡಿ ತಾನಾಗಿಯೇ ಓಡುವುದನ್ನೂ, ಕವಣೆಯ ಕಲ್ಲು ಬಾಗಿ ಬಂದು ನೆಲವನ್ನು ಸೇರುವುದನ್ನೂ ಕಾಣದ ಮನುಷ್ಯನಿಲ್ಲ. ಆದರೆ ಕಾಣುವುದು ಒಂದು, ಕಂಡುದನ್ನು ಅಳೆದು ಹೇಳುವುದು ಮತ್ತೊಂದು. ಕೈಬಿಟ್ಟ ಕಲ್ಲು ಮೊದಲನೆಯ ಕ್ಷಣದಲ್ಲಿ ಎಷ್ಟು ದೂರ ಇಳಿಯಿತು, ಎರಡನೆಯ ಕ್ಷಣದಲ್ಲಿ ಎಷ್ಟು, ಅದರ ವೇಗವು ಯಾವುದನ್ನು ಅನುಸರಿಸಿ ಹೆಚ್ಚುತ್ತ ಹೋಯಿತು ಎಂಬ ಪ್ರಶ್ನೆ ಬಹು ಸರಳವಾಗಿ ತೋರುತ್ತದೆ. ಈ ಸರಳ ಪ್ರಶ್ನೆಗೆ ಅಳತೆಯ ಆಧಾರದ ಮೇಲೆ ನಿಶ್ಚಿತವಾದ ಉತ್ತರ ಲೋಕಕ್ಕೆ ದೊರೆತದ್ದು ಹದಿನೇಳನೆಯ ಶತಮಾನದಲ್ಲಿ. ಅದನ್ನು ದೊರಕಿಸಿದವನು ಇಟಲಿ ದೇಶದ ಗೆಲಿಲಿಯೋ ಗೆಲಿಲಿ.

ಗೆಲಿಲಿಯೋ ಎಂದೊಡನೆ ಜನರ ನೆನಪಿಗೆ ಬರುವುವು ಎರಡು ಸಂಗತಿಗಳು: ದೂರದರ್ಶಕವನ್ನು ಆಕಾಶದತ್ತ ತಿರುಗಿಸಿದುದು ಒಂದು, ಭೂಮಿ ಚಲಿಸುತ್ತದೆ ಎಂದು ಪ್ರತಿಪಾದಿಸಿ ದಂಡನೆಗೆ ಗುರಿಯಾದುದು ಇನ್ನೊಂದು. ಎರಡೂ ನಿಜವೇ. ಆದರೆ ಅವನು ತನ್ನ ಆಯುಷ್ಯದ ಬಹುಭಾಗವನ್ನು ಸವೆಸಿದುದು ಭೂಮಿಯ ಮೇಲಣ ವಸ್ತುಗಳ ಚಲನೆಯನ್ನು ಅರಿಯುವುದಕ್ಕಾಗಿ. ಇಪ್ಪತ್ತೈದರ ಹರೆಯದಲ್ಲಿ ಕೈಗೆತ್ತಿಕೊಂಡ ಆ ಕಾರ್ಯ ಗ್ರಂಥರೂಪವಾಗಿ ಹೊರಬಂದಾಗ ಅವನಿಗೆ ಎಪ್ಪತ್ತನಾಲ್ಕು ವರ್ಷ. ಆ ದೀರ್ಘ ಪಯಣದಲ್ಲಿ ಅವನು ಒಮ್ಮೆ ದಾರಿ ತಪ್ಪಿದನು. ತಪ್ಪಿದುದನ್ನು ತಾನೇ ಕಂಡುಕೊಂಡು ಹಿಂದಿರುಗಿದನು. ಹಿಂದಿರುಗಿದುದನ್ನು ಬಚ್ಚಿಡದೆ ಹೇಳಿದನು. ಆ ಮಹನೀಯನ ಜೀವನದಲ್ಲಿ ಅಧ್ಯಾಪಕರೂ ವಿದ್ಯಾರ್ಥಿಗಳೂ ಮುಖ್ಯವಾಗಿ ಗಮನಿಸಬೇಕಾದ ಅಂಶ ಇದು.

ಗೆಲಿಲಿಯೋ ಹುಟ್ಟಿದ್ದು 1564ನೆಯ ಫೆಬ್ರವರಿ 15ರಂದು, ಪೀಸಾ ನಗರದಲ್ಲಿ. ತಂದೆ ವಿಂಚೆಂಜೋ ಗೆಲಿಲಿ ತಂತಿವಾದ್ಯದಲ್ಲಿ ನಿಪುಣ, ಸಂಗೀತಶಾಸ್ತ್ರದಲ್ಲಿ ಪಂಡಿತ. ಹಿಂದಿನವರು ಬರೆದಿಟ್ಟರೆಂಬ ಒಂದೇ ಕಾರಣಕ್ಕೆ ಯಾವ ಮಾತನ್ನೂ ಒಪ್ಪುವ ಸ್ವಭಾವ ಅವನದಲ್ಲ. ತಂತಿಗೆ ತೂಗಬಿಟ್ಟ ಭಾರವನ್ನು ಇಮ್ಮಡಿ ಮಾಡಿದರೆ ನಾದವು ಒಂದು ಸ್ಥಾಯಿ ಮೇಲೇರುವುದೆಂದು ಆ ಕಾಲದ ಗ್ರಂಥಗಳು ಹೇಳುತ್ತಿದ್ದವು. ವಿಂಚೆಂಜೋ ತಂತಿಗಳನ್ನು ಕಟ್ಟಿ, ಭಾರಗಳನ್ನು ತೂಗಬಿಟ್ಟು, ಕಿವಿಗೊಟ್ಟು ಕೇಳಿದನು. ಭಾರವು ಇಮ್ಮಡಿಯಾದರೆ ಸಾಲದು, ನಾಲ್ಮಡಿಯಾಗಬೇಕು ಎಂದು ಕಂಡುಬಂದಿತು. ಎರಡರ ವರ್ಗ ನಾಲ್ಕು. ಪ್ರಕೃತಿಯ ನಡೆಯಲ್ಲಿ ವರ್ಗಸಂಖ್ಯೆಗಳು ಅಡಗಿರುತ್ತವೆ, ಅವನ್ನು ತೂಗಿ ನೋಡಿಯೇ ಹೊರಗೆಳೆಯಬೇಕು ಎಂಬ ಪಾಠ ಮಗನಿಗೆ ಮನೆಯಲ್ಲಿಯೇ ದೊರೆಯಿತೆಂದು ತಿಳಿದರೆ ತಪ್ಪಾಗಲಾರದು.

ಬಾಲಕನ ವಿದ್ಯಾಭ್ಯಾಸ ನಡೆದದ್ದು ಒಂದು ಮಠದಲ್ಲಿ. ಫ್ಲಾರೆನ್ಸಿನ ಸಮೀಪದ ಬೆಟ್ಟಗಾಡಿನಲ್ಲಿರುವ ವಾಲ್ಲೊಂಬ್ರೋಸಾ ಎಂಬ ಆ ಮಠದ ಪ್ರಶಾಂತ ಜೀವನಕ್ಕೆ ಹುಡುಗನು ಮನಸೋತು, ಸಂನ್ಯಾಸದ ಮೊದಲ ಮೆಟ್ಟಲನ್ನೂ ಏರಿದನು. ತಂದೆಗೆ ಇದು ಸಮ್ಮತವಾಗಲಿಲ್ಲ. ಮಗನನ್ನು ಮನೆಗೆ ಕರೆತಂದನು. ವೈದ್ಯನಾಗಿ ಸಂಸಾರಕ್ಕೆ ಆಧಾರವಾಗಲೆಂದು 1581ರ ಸುಮಾರಿಗೆ ಪೀಸಾದ ವಿಶ್ವವಿದ್ಯಾನಿಲಯಕ್ಕೆ ಸೇರಿಸಿದನು. ಆದರೆ ವಿಧಿಯ ಯೋಜನೆ ಬೇರೆಯಾಗಿದ್ದಿತು. ತಸ್ಕನಿಯ ಆಸ್ಥಾನದಲ್ಲಿ ಗಣಿತಜ್ಞನಾಗಿದ್ದ ಓಸ್ತೀಲಿಯೋ ರಿಚ್ಚಿ ಎಂಬವನಿಂದ ತರುಣನಿಗೆ ಯೂಕ್ಲಿಡನ ರೇಖಾಗಣಿತದ ರುಚಿ ಹತ್ತಿತು. ಆರ್ಕಿಮಿಡೀಸನ ಕೃತಿಗಳ ಪರಿಚಯವಾಯಿತು. ಔಷಧಿಗಳ ಪಾಠ ಹಿಂದೆ ಬಿದ್ದಿತು. 1585ರಲ್ಲಿ ಗೆಲಿಲಿಯೋ ಯಾವ ಪದವಿಯನ್ನೂ ಪಡೆಯದೆ ವಿಶ್ವವಿದ್ಯಾನಿಲಯವನ್ನು ಬಿಟ್ಟನು. ನಾಲ್ಕೇ ವರ್ಷಗಳಲ್ಲಿ, 1589ರಲ್ಲಿ, ಅದೇ ವಿಶ್ವವಿದ್ಯಾನಿಲಯಕ್ಕೆ ಗಣಿತದ ಅಧ್ಯಾಪಕನಾಗಿ ಮರಳಿ ಬಂದನು. ಸಂಬಳ ವರ್ಷಕ್ಕೆ 60 ಸ್ಕೂಡಿ ನಾಣ್ಯಗಳು, ಅಲ್ಪವೇ ಸರಿ.

ಆಗಿನ ವಿದ್ಯಾಪೀಠಗಳಲ್ಲಿ ಚಲನೆಯ ವಿಚಾರವಾಗಿ ಬೋಧಿಸುತ್ತಿದ್ದುದು ಗ್ರೀಕ್ ತತ್ತ್ವಜ್ಞಾನಿ ಅರಿಸ್ಟಾಟಲನ ಮತವನ್ನು. ಭಾರವಾದ ವಸ್ತು ಹಗುರವಾದುದಕ್ಕಿಂತ ತನ್ನ ಭಾರಕ್ಕೆ ತಕ್ಕಂತೆ ಬೇಗ ಬೀಳುತ್ತದೆ, ತಳ್ಳುವುದನ್ನು ನಿಲ್ಲಿಸಿದರೆ ವಸ್ತು ನಿಲ್ಲುತ್ತದೆ, ಆದುದರಿಂದ ಚಲನೆ ಮುಂದುವರಿಯಲು ನೂಕುವವನು ಸದಾ ಬೇಕು ಎಂಬುದು ಆ ಮತದ ಸಾರ. ಇದನ್ನು ಮೂಢತನವೆಂದು ತಳ್ಳಿಹಾಕುವಂತಿಲ್ಲ. ಗರಿಗಿಂತ ಕಲ್ಲು ಬೇಗ ಬೀಳುವುದನ್ನು ಎಲ್ಲರೂ ಕಾಣುತ್ತಾರೆ. ಎತ್ತು ನಿಂತರೆ ಗಾಡಿ ನಿಲ್ಲುವುದನ್ನೂ ಕಾಣುತ್ತಾರೆ. ಕಣ್ಣಿಗೆ ಕಂಡುದನ್ನೇ ಆ ಮತ ಹೇಳುತ್ತಿದ್ದಿತು. ಅದಕ್ಕಾಗಿಯೇ ಅದು ಅಷ್ಟು ಕಾಲ ಬಾಳಿತು.

ಗೆಲಿಲಿಯೋ ಎತ್ತಿದ ಆಕ್ಷೇಪ ಅತ್ಯಂತ ಸರಳವಾದುದು. ಒಂದು ದೊಡ್ಡ ಕಲ್ಲನ್ನೂ ಒಂದು ಚಿಕ್ಕ ಕಲ್ಲನ್ನೂ ಜೋಡಿಸಿ ಕಟ್ಟಿ ಕೆಳಗೆ ಬಿಟ್ಟರೆ ಏನಾಗಬೇಕು? ನಿಧಾನವಾಗಿ ಬೀಳತಕ್ಕ ಚಿಕ್ಕ ಕಲ್ಲು ದೊಡ್ಡದನ್ನು ಹಿಂದಕ್ಕೆ ಎಳೆಯಬೇಕು. ಆಗ ಜೋಡಿಯು ದೊಡ್ಡ ಕಲ್ಲಿಗಿಂತ ನಿಧಾನವಾಗಿ ಬೀಳಬೇಕು. ಆದರೆ ಜೋಡಿಯ ಭಾರ ದೊಡ್ಡ ಕಲ್ಲಿನ ಭಾರಕ್ಕಿಂತ ಹೆಚ್ಚು. ಆ ಲೆಕ್ಕದಲ್ಲಿ ಅದು ಇನ್ನೂ ಬೇಗ ಬೀಳಬೇಕು. ಒಂದೇ ಮತದಿಂದ ಪರಸ್ಪರ ವಿರುದ್ಧವಾದ ಎರಡು ಫಲಗಳು ಹೊರಡುತ್ತವೆ. ಹಾಗಾದರೆ ಮತದಲ್ಲಿಯೇ ದೋಷವಿರಬೇಕು. ಗಾಳಿಯ ತಡೆಯನ್ನು ಕಳೆದು ನೋಡಿದರೆ ಎಲ್ಲ ವಸ್ತುಗಳೂ ಒಂದೇ ರೀತಿಯಲ್ಲಿ ಬೀಳಬೇಕೆಂಬ ನಿರ್ಣಯಕ್ಕೆ ಅವನು ಮುಂದೆ ಬಂದನು.

ಪೀಸಾದ ಓರೆಗೋಪುರದ ಮೇಲಿನಿಂದ ಗುಂಡುಗಳನ್ನು ಬೀಳಿಸಿ ಪಂಡಿತರನ್ನೆಲ್ಲ ಬೆರಗುಗೊಳಿಸಿದನೆಂಬ ಕಥೆಯನ್ನು ಹೇಳಿದವನು ಅವನ ಶಿಷ್ಯನೂ ಚರಿತ್ರಕಾರನೂ ಆದ ವಿವಿಯಾನಿ. ಗೆಲಿಲಿಯೋವಿನ ಸ್ವಂತ ಬರಹಗಳಲ್ಲಿ ಅಂಥ ಸಾರ್ವಜನಿಕ ಪ್ರದರ್ಶನದ ಮಾತು ಇಲ್ಲವಾದುದರಿಂದ ಇತಿಹಾಸಜ್ಞರು ಆ ಕಥೆಯನ್ನು ಸಂದೇಹದಿಂದ ನೋಡುತ್ತಾರೆ. ಪೀಸಾದಲ್ಲಿದ್ದಾಗ ಅವನು ಚಲನೆಯನ್ನು ಕುರಿತು ಬರೆದ ಪ್ರಬಂಧವೊಂದು ಉಳಿದಿದೆ. ಅದರಲ್ಲಿ ಅರಿಸ್ಟಾಟಲನ ಖಂಡನೆಯಿದೆ. ಆದರೆ ಬದಲಾಗಿ ಮುಂದಿಟ್ಟ ಸ್ವಮತವೂ ಪೂರ್ಣವಾಗಿ ಸರಿಯಿರಲಿಲ್ಲ. ಅದನ್ನು ಅವನು ಅಚ್ಚು ಹಾಕಿಸಲಿಲ್ಲ. ಬರೆದದ್ದೆಲ್ಲವೂ ಲೋಕಕ್ಕೆ ಸಲ್ಲತಕ್ಕದ್ದೆಂಬ ಭ್ರಮೆ ಅವನಿಗಿರಲಿಲ್ಲ.

1591ರಲ್ಲಿ ತಂದೆ ತೀರಿಕೊಂಡನು. ಹಿರಿಯ ಮಗನಾದುದರಿಂದ ಸಂಸಾರದ ಭಾರ, ತಂಗಿಯರ ಮದುವೆಯ ಹೊರೆ ಅವನ ಹೆಗಲೇರಿದವು. ಮರುವರ್ಷ ವೆನಿಸ್ ಗಣರಾಜ್ಯಕ್ಕೆ ಸೇರಿದ ಪಾದುವಾ ವಿಶ್ವವಿದ್ಯಾನಿಲಯದಲ್ಲಿ ಹೆಚ್ಚಿನ ಸಂಬಳದ ಗಣಿತಪೀಠ ದೊರೆಯಿತು. ಅಲ್ಲಿ ಅವನು ಇದ್ದದ್ದು ಹದಿನೆಂಟು ವರ್ಷ. ಸಂಬಳ ಸಾಲದೆ ಮನೆಯಲ್ಲಿ ವಿದ್ಯಾರ್ಥಿಗಳನ್ನಿಟ್ಟುಕೊಂಡು ಪಾಠ ಹೇಳಿದನು. ಅಳತೆಯ ಉಪಕರಣಗಳನ್ನು ಮಾಡಿಸಿ ಮಾರಿದನು. ಅದಕ್ಕಾಗಿ ಮಾತ್ಸೊಲೇನಿ ಎಂಬ ಕುಶಲ ಕರ್ಮಿಯನ್ನು ಮನೆಯಲ್ಲಿಯೇ ಇರಿಸಿಕೊಂಡಿದ್ದನು. ಕೈಗಸುಬನ್ನು ಕೀಳೆಂದೆಣಿಸುತ್ತಿದ್ದ ಪಂಡಿತರ ಆ ಕಾಲದಲ್ಲಿ ಮರಗೆಲಸ, ಲೋಹಗೆಲಸಗಳ ನಡುವೆ ಕುಳಿತು ಶಾಸ್ತ್ರಚಿಂತನೆ ನಡೆಸಿದ ಅಧ್ಯಾಪಕನವನು. ಕಾಯಕದಿಂದ ಜ್ಞಾನವನ್ನು ಬೇರ್ಪಡಿಸದ ಈ ದೃಷ್ಟಿಯೇ ಅವನನ್ನು ನಿಜವಾದ ದಾರಿಗೆ ತಂದಿತು.

ಇಲ್ಲಿ ಚಲನೆಯ ವಿಚಾರದಲ್ಲಿ ಬರುವ ಕೆಲವು ಮೂಲಭಾವನೆಗಳನ್ನು ಇಂದಿನ ಪಠ್ಯಪುಸ್ತಕಗಳ ಮಾತಿನಲ್ಲಿ ಸ್ಪಷ್ಟಪಡಿಸಿಕೊಳ್ಳುವುದು ಒಳ್ಳೆಯದು. ಒಂದು ವಸ್ತು ಚಲಿಸುತ್ತಿದೆ ಎಂದರೆ ಕಾಲ ಕಳೆದಂತೆ ಅದರ ಸ್ಥಾನ ಬದಲಾಗುತ್ತಿದೆ ಎಂದರ್ಥ. ಸ್ಥಾನವನ್ನು ಹೇಳಲು ಗೊತ್ತಾದ ಒಂದು ಆಧಾರಬಿಂದು ಬೇಕು. ಬಾಲಕನೊಬ್ಬನು ಮನೆಯಿಂದ 1 ಕಿಲೋಮೀಟರು ದೂರದ ಶಾಲೆಗೆ ನಡೆದು ಹೋಗಿ ಸಂಜೆ ಮನೆಗೆ ಮರಳಿದರೆ ಅವನು ಕ್ರಮಿಸಿದ ದೂರ 2 ಕಿಲೋಮೀಟರು. ಆದರೆ ಹೊರಟ ಎಡೆಗೇ ಬಂದು ಸೇರಿದುದರಿಂದ ಅವನ ಸ್ಥಾನಪಲ್ಲಟ ಸೊನ್ನೆ. ದೂರಕ್ಕೆ ದಿಕ್ಕಿನ ಗೊಡವೆಯಿಲ್ಲ; ಸ್ಥಾನಪಲ್ಲಟಕ್ಕೆ ದಿಕ್ಕೂ ಬೇಕು. ಒಂದು ಸೆಕೆಂಡಿನಲ್ಲಿ ಕ್ರಮಿಸಿದ ದೂರ ಜವ. ದಿಕ್ಕನ್ನೂ ಕೂಡಿಸಿ ಹೇಳಿದರೆ ಅದು ವೇಗ. ಸಮಕಾಲಗಳಲ್ಲಿ ಸಮದೂರಗಳನ್ನು ಒಂದೇ ನೇರದಲ್ಲಿ ಕ್ರಮಿಸುವುದು ಏಕರೀತಿಯ ಚಲನೆ. ವೇಗವೇ ಬದಲಾಗುತ್ತಿದ್ದರೆ, ಒಂದು ಸೆಕೆಂಡಿನಲ್ಲಿ ಅದು ಬದಲಾಗುವ ಪ್ರಮಾಣ ವೇಗೋತ್ಕರ್ಷ. ಗೆಲಿಲಿಯೋ ಇವನ್ನು ಇಂದಿನಂತೆ ಭಾಗಾಕಾರದ ಸೂತ್ರಗಳಲ್ಲಿ ಬರೆಯಲಿಲ್ಲ. ಯೂಕ್ಲಿಡನ ಮಾರ್ಗದಲ್ಲಿ ದೂರಕ್ಕೆ ದೂರವನ್ನೂ ಕಾಲಕ್ಕೆ ಕಾಲವನ್ನೂ ಹೋಲಿಸುವ ಅನುಪಾತಗಳ ಮೂಲಕ ಹೇಳಿದನು.

ಬದಲಾಗುತ್ತಿರುವ ವೇಗವನ್ನು ಕುರಿತ ಚಿಂತನೆ ಅವನಿಗಿಂತ ಹಿಂದೆ ಇರಲಿಲ್ಲವೆಂದಲ್ಲ. ನಮ್ಮ ದೇಶದ ಭಾಸ್ಕರಾಚಾರ್ಯನು 1150ರಲ್ಲಿ ರಚಿಸಿದ ಸಿದ್ಧಾಂತಶಿರೋಮಣಿಯಲ್ಲಿ ಗ್ರಹಗಳ ತಾತ್ಕಾಲಿಕ ಗತಿಯನ್ನು, ಎಂದರೆ ಆಯಾ ಕ್ಷಣದ ವೇಗವನ್ನು, ಗಣಿಸುವ ಕ್ರಮವನ್ನು ತಿಳಿಸಿದ್ದಾನೆ. ಹದಿನಾಲ್ಕನೆಯ ಶತಮಾನದಲ್ಲಿ ಆಕ್ಸ್‌ಫರ್ಡಿನ ಮರ್ಟನ್ ಕಾಲೇಜಿನ ವಿದ್ವಾಂಸರು, ಏಕಪ್ರಕಾರವಾಗಿ ವೇಗ ಹೆಚ್ಚುವ ವಸ್ತು ಒಟ್ಟಿನಲ್ಲಿ ಕ್ರಮಿಸುವ ದೂರವು ಅದರ ಸರಾಸರಿ ವೇಗದಿಂದ ಕ್ರಮಿಸುವ ದೂರಕ್ಕೆ ಸಮವೆಂದು ನಿರೂಪಿಸಿದ್ದರು. ಫ್ರಾನ್ಸಿನ ಒರೆಮ್ ಎಂಬ ಪಂಡಿತನು ಅದನ್ನು ತ್ರಿಕೋನಾಕೃತಿಯಿಂದ ಚಿತ್ರಿಸಿ ತೋರಿಸಿದ್ದನು. ಆದರೆ ಇವು ಬುದ್ಧಿಯ ಲೆಕ್ಕಗಳಾಗಿದ್ದವು. ಕೈಬಿಟ್ಟ ಕಲ್ಲು ನಿಜವಾಗಿಯೂ ಹೀಗೆಯೇ ನಡೆದುಕೊಳ್ಳುತ್ತದೆಯೇ ಎಂಬುದನ್ನು ಅಳೆದು ನೋಡುವ ಕಾರ್ಯ ಉಳಿದಿದ್ದಿತು.

ಅಳೆಯುವುದು ಹೇಗೆ? ಕಲ್ಲು ಬೀಳುವ ಕಾಲ ಕಣ್ಣುಮುಚ್ಚಿ ತೆರೆಯುವಷ್ಟು. ಸೆಕೆಂಡನ್ನು ತೋರಿಸುವ ನಂಬಲರ್ಹವಾದ ಗಡಿಯಾರ ಆಗ ಇರಲಿಲ್ಲ. ಇಲ್ಲಿ ಗೆಲಿಲಿಯೋವಿನ ಪ್ರತಿಭೆ ಪ್ರಕಾಶಕ್ಕೆ ಬಂದಿತು. ಬೀಳುವ ವಸ್ತುವನ್ನು ಹಿಂಬಾಲಿಸಲಾಗದಿದ್ದರೆ ಬೀಳುವಿಕೆಯನ್ನೇ ನಿಧಾನಗೊಳಿಸಬೇಕು. ನೆಟ್ಟಗೆ ಬೀಳಿಸುವ ಬದಲು ಓರೆಯಾದ ಹಲಗೆಯ ಮೇಲೆ ಗುಂಡನ್ನು ಉರುಳಿಸಿದರೆ ಚಲನೆಯ ಸ್ವರೂಪ ಅದೇ ಇರುತ್ತದೆ, ಗತಿ ಮಾತ್ರ ಮಂದವಾಗುತ್ತದೆ. ಸುಮಾರು 12 ಮೊಳ ಉದ್ದದ ಮರದ ತೊಲೆ. ಫ್ಲಾರೆನ್ಸಿನ ಆ ಮೊಳದ ಲೆಕ್ಕದಲ್ಲಿ ಹೆಚ್ಚುಕಡಮೆ 7 ಮೀಟರು. ಅದರ ಮೇಲುಭಾಗದಲ್ಲಿ ಒಂದು ಬೆರಳಿಗಿಂತ ತುಸು ಅಗಲವಾದ ನೇರ ಕಾಲುವೆ. ಕಾಲುವೆಯೊಳಗೆ ನಯಗೊಳಿಸಿ ಅಂಟಿಸಿದ ಚರ್ಮಪತ್ರ. ಅದರಲ್ಲಿ ಉರುಳಲು ಚೆನ್ನಾಗಿ ದುಂಡಾಗಿಸಿದ ಕಂಚಿನ ಗುಂಡು. ತೊಲೆಯ ಒಂದು ತುದಿಯನ್ನು ಒಂದೆರಡು ಮೊಳ ಎತ್ತರಿಸಿ ಗುಂಡನ್ನು ಬಿಡುವುದು.

ಕಾಲವನ್ನು ಅಳೆದ ಬಗೆ ಇನ್ನೂ ಸೊಗಸಾದುದು. ಎತ್ತರದಲ್ಲಿ ನೀರು ತುಂಬಿದ ದೊಡ್ಡ ಪಾತ್ರೆ. ಅದರ ತಳದಲ್ಲಿ ಸಣ್ಣ ಕೊಳವೆ. ಗುಂಡು ಹೊರಟಾಗ ನೀರನ್ನು ಬಿಟ್ಟು, ಗುರಿ ಮುಟ್ಟಿದಾಗ ನಿಲ್ಲಿಸಿ, ಆ ನಡುವೆ ಬಟ್ಟಲಿಗೆ ಇಳಿದ ನೀರನ್ನು ಸೂಕ್ಷ್ಮವಾದ ತಕ್ಕಡಿಯಲ್ಲಿ ತೂಗುವುದು. ನೀರಿನ ತೂಕವೇ ಕಾಲದ ಅಳತೆ. ಜಲಘಟಿಕೆಯಿಂದ ಹೊತ್ತನ್ನು ತಿಳಿಯುವ ಪದ್ಧತಿ ನಮ್ಮ ಹಿರಿಯರಿಗೂ ಪರಿಚಿತವಾದುದೇ. ಪೂರ್ಣ ದೂರಕ್ಕೆ ಒಮ್ಮೆ, ಅದರ ಕಾಲುಭಾಗಕ್ಕೆ ಒಮ್ಮೆ, ಅರ್ಧಕ್ಕೆ, ಮೂರನೆಯ ಎರಡು ಭಾಗಕ್ಕೆ ಎಂದು ಗುಂಡನ್ನು ಉರುಳಿಸಿ, ಪ್ರಯೋಗವನ್ನು ನೂರು ಬಾರಿ ಮಾಡಿದನೆಂದೂ, ಅಳತೆಗಳಲ್ಲಿ ಒಂದು ನಾಡಿಬಡಿತದ ಹತ್ತನೆಯ ಒಂದು ಭಾಗದಷ್ಟು ವ್ಯತ್ಯಾಸವೂ ಬರಲಿಲ್ಲವೆಂದೂ ಅವನ ಗ್ರಂಥದಿಂದ ತಿಳಿದುಬರುತ್ತದೆ. ಇದನ್ನು ಬಹುಕಾಲ ಕೆಲವರು ನಂಬಿರಲಿಲ್ಲ. 1961ರಲ್ಲಿ ಅದೇ ಬಗೆಯ ಸಲಕರಣೆಗಳಿಂದ ಪ್ರಯೋಗವನ್ನು ಮತ್ತೆ ಮಾಡಿ ನೋಡಿದಾಗ ಆ ನಿಖರತೆ ಸಾಧ್ಯವೆಂದು ದೃಢಪಟ್ಟಿತು.

ಫಲವಾಗಿ ಹೊರಬಿದ್ದ ನಿಯಮ ಕೇಳಲು ಅಂದವಾಗಿದೆ. ಸಮಾನವಾದ ಕಾಲಖಂಡಗಳಲ್ಲಿ ಗುಂಡು ಇಳಿಯುವ ದೂರಗಳು ಒಂದು, ಮೂರು, ಐದು, ಏಳು ಎಂಬ ಬೆಸಸಂಖ್ಯೆಗಳ ಕ್ರಮದಲ್ಲಿ ಹೆಚ್ಚುತ್ತವೆ. ಅವನ್ನು ಕೂಡಿಸುತ್ತ ಹೋದರೆ ಒಂದು, ನಾಲ್ಕು, ಒಂಬತ್ತು, ಹದಿನಾರು ಎಂಬ ವರ್ಗಸಂಖ್ಯೆಗಳು ದೊರೆಯುತ್ತವೆ. ಎಂದರೆ, ಕ್ರಮಿಸಿದ ಒಟ್ಟು ದೂರವು ಕಾಲದ ವರ್ಗಕ್ಕೆ ಅನುಗುಣವಾಗಿರುತ್ತದೆ. ಇಂದಿನ ಅಳತೆಯಲ್ಲಿ ಹೇಳುವುದಾದರೆ, ನೆಟ್ಟಗೆ ಬೀಳುವ ಕಲ್ಲಿನ ವೇಗವು ಪ್ರತಿ ಸೆಕೆಂಡಿಗೂ ಸೆಕೆಂಡಿಗೆ 9.8 ಮೀಟರಿನಷ್ಟು ಹೆಚ್ಚುತ್ತದೆ. ಗಾಳಿಯ ತಡೆಯನ್ನು ಎಣಿಸದಿದ್ದರೆ ಮೊದಲ ಸೆಕೆಂಡಿನಲ್ಲಿ ಅದು ಇಳಿಯುವುದು 4.9 ಮೀಟರು, ಎರಡನೆಯದರಲ್ಲಿ 14.7, ಮೂರನೆಯದರಲ್ಲಿ 24.5. ಮೂರು ಸೆಕೆಂಡುಗಳಲ್ಲಿ ಒಟ್ಟು 44.1 ಮೀಟರು, ಇದು ಮೊದಲ ಸೆಕೆಂಡಿನ ದೂರದ ಒಂಬತ್ತು ಮಡಿ. ತಂದೆಯ ತಂತಿಯಲ್ಲಿ ಅಡಗಿದ್ದ ವರ್ಗಸಂಖ್ಯೆ ಮಗನ ಗುಂಡಿನಲ್ಲಿಯೂ ಕಾಣಿಸಿಕೊಂಡಿತು.

ನಿಯಮ ದೊರೆಯಿತು, ಆದರೆ ಅದರ ಮೂಲತತ್ತ್ವ ಯಾವುದು? ಬೀಳುವ ವಸ್ತುವಿನ ವೇಗ ಯಾವುದನ್ನು ಅನುಸರಿಸಿ ಹೆಚ್ಚುತ್ತದೆ? ಗೆಲಿಲಿಯೋ ಎಡವಿದುದು ಇಲ್ಲಿಯೇ. 1604ನೆಯ ಅಕ್ಟೋಬರಿನಲ್ಲಿ ವೆನಿಸಿನ ಯತಿಯೂ ವಿದ್ವಾಂಸನೂ ಆದ ಪಾವ್ಲೋ ಸಾರ್ಪಿಗೆ ಬರೆದ ಕಾಗದದಲ್ಲಿ, ವಸ್ತುವಿನ ವೇಗವು ಅದು ಬಿದ್ದ ದೂರಕ್ಕೆ ಅನುಗುಣವಾಗಿ ಹೆಚ್ಚುತ್ತದೆ ಎಂಬ ತತ್ತ್ವವನ್ನು ಆಧಾರವಾಗಿ ಹಿಡಿದನು. ಎರಡು ಮೊಳ ಬಿದ್ದ ಕಲ್ಲಿನ ವೇಗ ಒಂದು ಮೊಳ ಬಿದ್ದುದರ ಇಮ್ಮಡಿ ಎಂಬುದು ಅದರ ಅರ್ಥ. ಹೆಚ್ಚು ಎತ್ತರದಿಂದ ಬಿದ್ದ ಕಲ್ಲು ಹೆಚ್ಚು ಪೆಟ್ಟು ಕೊಡುವುದನ್ನು ಕಂಡ ಯಾರಿಗಾದರೂ ಇದು ಸಹಜವೆನಿಸುತ್ತದೆ. ಆದರೆ ಇದು ತಪ್ಪು. ಈ ತತ್ತ್ವ ನಿಜವಾಗಿದ್ದರೆ, ಇನ್ನೂ ಕೈಬಿಡದ ಕಲ್ಲು ಕ್ರಮಿಸಿದ ದೂರ ಸೊನ್ನೆ. ಆದುದರಿಂದ ಅದರ ವೇಗವೂ ಸೊನ್ನೆ. ವೇಗವಿಲ್ಲದ ಕಲ್ಲು ದೂರವನ್ನು ಕ್ರಮಿಸಲಾರದು. ದೂರ ಕ್ರಮಿಸದೆ ವೇಗ ಬರಲಾರದು. ಕೈಬಿಟ್ಟ ಕಲ್ಲು ಗಾಳಿಯಲ್ಲಿಯೇ ನಿಂತುಬಿಡಬೇಕಾಗುತ್ತದೆ ಎಂದು ಇಂದಿನ ಗಣಿತ ತೋರಿಸಿಕೊಡುತ್ತದೆ.

ಸರಿಯಾದ ನಿಯಮವನ್ನು ತಪ್ಪಾದ ತತ್ತ್ವದ ಮೇಲೆ ನಿಲ್ಲಿಸಿದ ಗೆಲಿಲಿಯೋವಿಗೆ ಸಮಾಧಾನವಾಗಲಿಲ್ಲ. ಪಾದುವಾದ ಆ ವರ್ಷಗಳಲ್ಲಿ ಅವನು ಬರೆದಿಟ್ಟ ಲೆಕ್ಕಗಳ, ಆಕೃತಿಗಳ, ಅಳತೆಗಳ ಹಾಳೆಗಳು ಇಂದಿಗೂ ಫ್ಲಾರೆನ್ಸಿನ ರಾಷ್ಟ್ರೀಯ ಗ್ರಂಥಾಲಯದಲ್ಲಿವೆ. ಹೊಡೆದುಹಾಕಿದ ಸಾಲುಗಳೂ ಮತ್ತೆ ಆರಂಭಿಸಿದ ಲೆಕ್ಕಗಳೂ ಅವುಗಳಲ್ಲಿ ತುಂಬಿವೆ. ಕೊನೆಗೆ ಅವನು ಆ ತತ್ತ್ವವನ್ನು ಬಿಟ್ಟನು. ವೇಗವು ಹೆಚ್ಚುವುದು ದೂರಕ್ಕೆ ಅನುಗುಣವಾಗಿ ಅಲ್ಲ, ಕಾಲಕ್ಕೆ ಅನುಗುಣವಾಗಿ. ಸಮಾನ ಕಾಲಗಳಲ್ಲಿ ಸಮಾನವಾದ ವೇಗ ಬಂದು ಕೂಡಿಕೊಳ್ಳುತ್ತದೆ. ಇದೇ ಏಕರೀತಿಯ ವೇಗೋತ್ಕರ್ಷ. ಬೆಸಸಂಖ್ಯೆಗಳ ನಿಯಮವೂ ಕಾಲದ ವರ್ಗದ ನಿಯಮವೂ ಈ ಒಂದೇ ಬೀಜದಿಂದ ಮೊಳೆತು ಬಂದವು.

ಇದೇ ಹಲಗೆ ಮತ್ತೊಂದು ಸತ್ಯವನ್ನೂ ಹೇಳಿತು. ಇಳಿಜಾರಿನಲ್ಲಿ ಗುಂಡಿನ ವೇಗ ಹೆಚ್ಚುತ್ತದೆ, ಏರುದಾರಿಯಲ್ಲಿ ಕುಂದುತ್ತದೆ. ಹಾಗಾದರೆ ಏರೂ ಇಲ್ಲದ, ಇಳಿವೂ ಇಲ್ಲದ ನಯವಾದ ಸಮತಲದಲ್ಲಿ ವೇಗ ಹೆಚ್ಚಬೇಕಾಗಿಯೂ ಇಲ್ಲ, ಕುಂದಬೇಕಾಗಿಯೂ ಇಲ್ಲ. ತಡೆಯೊಂದೂ ಇಲ್ಲದಿದ್ದರೆ ಗುಂಡು ಅದೇ ವೇಗದಿಂದ ಮುಂದೆ ಮುಂದೆ ಹೋಗುತ್ತಲೇ ಇರಬೇಕು. ಚಲನೆಗೆ ನೂಕುವವನು ಸದಾ ಬೇಕೆಂಬ ಹಳೆಯ ಮತದ ಬೇರು ಇಲ್ಲಿ ಸಡಿಲಿತು. ಗುಂಡು ಮೇಜಿನ ಅಂಚನ್ನು ದಾಟಿದ ಮೇಲೆ ಎರಡು ಚಲನೆಗಳು ಒಟ್ಟಿಗೆ ನಡೆಯುತ್ತವೆ: ಅಡ್ಡಲಾಗಿ ಏಕರೀತಿಯ ಚಲನೆ, ಕೆಳಮುಖವಾಗಿ ವೇಗೋತ್ಕರ್ಷದ ಚಲನೆ. ಒಂದು ಇನ್ನೊಂದಕ್ಕೆ ಅಡ್ಡಿಯಾಗುವುದಿಲ್ಲ. ಎರಡೂ ಕೂಡಿ ಎಸೆದ ವಸ್ತುವಿನ ದಾರಿಯನ್ನು ಪರವಲಯವೆಂಬ ವಕ್ರರೇಖೆಯಾಗಿ ಬಗ್ಗಿಸುತ್ತವೆ. ಕವಣೆಯ ಕಲ್ಲಿನ ಬಾಗು ಯಾವುದೆಂಬ ಪ್ರಶ್ನೆಗೆ ಹೀಗೆ ಉತ್ತರ ದೊರೆಯಿತು.

ಇಷ್ಟೆಲ್ಲ ಕೈಸೇರಿದ್ದರೂ ಗ್ರಂಥ ಹೊರಡಲಿಲ್ಲ. 1609ರಲ್ಲಿ ದೂರದರ್ಶಕದ ಸುದ್ದಿ ಇಟಲಿಗೆ ಬಂದಿತು. ಗೆಲಿಲಿಯೋ ತಾನೇ ಉತ್ತಮವಾದುದೊಂದನ್ನು ಮಾಡಿಕೊಂಡು ಆಕಾಶವನ್ನು ನೋಡಿದನು. 1610ನೆಯ ಜನವರಿಯಲ್ಲಿ ಗುರುಗ್ರಹವನ್ನು ಸುತ್ತುವ ನಾಲ್ಕು ಚಂದ್ರರನ್ನು ಕಂಡನು. ಅದೇ ವರ್ಷ ಅವನ ಕೀರ್ತಿ ಯೂರೋಪಿನಲ್ಲೆಲ್ಲ ಹರಡಿತು. ತಸ್ಕನಿಯ ಮಹಾಪ್ರಭುವಿನ ಆಸ್ಥಾನವಿದ್ವಾಂಸನಾಗಿ ಫ್ಲಾರೆನ್ಸಿಗೆ ಮರಳಿದನು. ಭೂಮಿ ಸೂರ್ಯನನ್ನು ಸುತ್ತುತ್ತದೆ ಎಂಬ ಕೋಪರ್ನಿಕಸನ ಸಿದ್ಧಾಂತದ ವಾದವಿವಾದಗಳಲ್ಲಿ ಅವನ ಮುಂದಿನ ಎರಡು ದಶಕಗಳು ಕಳೆದವು. ಚಲನೆಯ ಹಾಳೆಗಳು ಬಹುಮಟ್ಟಿಗೆ ಮೂಲೆಯಲ್ಲಿ ಬಿದ್ದಿದ್ದವು.

ಆದರೂ ಆ ವಾದದಲ್ಲಿ ಅವನ ಕೈಹಿಡಿದುದು ಚಲನೆಯ ಜ್ಞಾನವೇ. ಭೂಮಿ ಚಲಿಸುವುದಾದರೆ ನಮಗೇಕೆ ತಿಳಿಯುವುದಿಲ್ಲ ಎಂದು ವಿರೋಧಿಗಳು ಕೇಳುತ್ತಿದ್ದರು. 1632ರಲ್ಲಿ ಪ್ರಕಟವಾದ ಸಂವಾದಗ್ರಂಥದಲ್ಲಿ ಅವನು ಹಡಗಿನ ದೃಷ್ಟಾಂತವನ್ನಿತ್ತನು. ಶಾಂತವಾಗಿ ಒಂದೇ ವೇಗದಲ್ಲಿ ಸಾಗುವ ಹಡಗಿನ ಮುಚ್ಚಿದ ಕೋಣೆಯಲ್ಲಿ ಚಿಟ್ಟೆಗಳು ಎಲ್ಲ ಕಡೆಗೂ ಸಮನಾಗಿ ಹಾರಾಡುತ್ತವೆ. ತೊಟ್ಟಿಕ್ಕುವ ನೀರು ನೇರವಾಗಿ ಕೆಳಗಿನ ಪಾತ್ರೆಗೇ ಬೀಳುತ್ತದೆ. ಒಳಗಿರುವವನು ಇವನ್ನೆಷ್ಟು ನೋಡಿದರೂ ಹಡಗು ನಿಂತಿದೆಯೋ ಸಾಗುತ್ತಿದೆಯೋ ಹೇಳಲಾರನು. ಓಡುವ ರೈಲಿನಲ್ಲಿ ಕುಳಿತವನಿಗೆ ಎದುರಿನ ಪ್ರಯಾಣಿಕನು ನಿಶ್ಚಲ; ಕಂಬದ ಬಳಿ ನಿಂತವನಿಗೆ ಇಬ್ಬರೂ ಚಲಿಸುವವರು. ಯಾವುದನ್ನು ಆಧಾರವಾಗಿಟ್ಟುಕೊಂಡು ನೋಡುತ್ತೇವೆಂಬುದನ್ನು ಹೇಳದೆ ಚಲನೆಯ ಮಾತನ್ನು ಆಡುವುದು ವ್ಯರ್ಥ.

ಗ್ರಂಥವು ರೋಮಿನ ಧರ್ಮಾಧಿಕಾರಿಗಳ ಕೋಪಕ್ಕೆ ಕಾರಣವಾಯಿತು. ಆ ಸಿದ್ಧಾಂತವನ್ನು ಸತ್ಯವೆಂದು ಹಿಡಿಯಬಾರದೆಂದು 1616ರಲ್ಲಿಯೇ ಅವನಿಗೆ ಎಚ್ಚರಿಕೆ ಕೊಡಲಾಗಿದ್ದಿತು. 1633ನೆಯ ಜೂನ್ 22ರಂದು, ಎಪ್ಪತ್ತರ ಹೊಸ್ತಿಲಲ್ಲಿದ್ದ ವೃದ್ಧನು ರೋಮಿನ ಒಂದು ಮಠದ ಸಭಾಂಗಣದಲ್ಲಿ ಮೊಣಕಾಲೂರಿ, ಭೂಮಿ ಚಲಿಸುತ್ತದೆ ಎಂಬ ಮತವನ್ನು ತ್ಯಜಿಸಿರುವುದಾಗಿ ಗಟ್ಟಿಯಾಗಿ ಓದಬೇಕಾಯಿತು. ಗ್ರಂಥಕ್ಕೆ ನಿಷೇಧ, ಕರ್ತೃವಿಗೆ ಬಂಧನ. ಸೆರೆಮನೆಗೆ ಬದಲಾಗಿ ಮೊದಲು ಸಿಯೆನಾದ ಆರ್ಚ್‌ಬಿಷಪ್ಪನ ಮನೆಯಲ್ಲಿ, ವರ್ಷದ ಕೊನೆಯ ವೇಳೆಗೆ ಫ್ಲಾರೆನ್ಸಿನ ಹೊರವಲಯದ ಆರ್ಚೆತ್ರಿಯ ತನ್ನ ಮನೆಯಲ್ಲಿ, ಅವನನ್ನು ಗೃಹಬಂಧನದಲ್ಲಿರಿಸಲಾಯಿತು. ಬದುಕಿನ ಕೊನೆಯವರೆಗೂ ಆ ಬಂಧನ ಬಿಡಲಿಲ್ಲ.

ಆರ್ಚೆತ್ರಿಯ ಸಂನ್ಯಾಸಿನಿಯರ ಮಠದಲ್ಲಿ ಅವನ ಹಿರಿಯ ಮಗಳು ಮರಿಯಾ ಚೆಲೆಸ್ತೆ ಇದ್ದಳು. ತಂದೆಯ ಅಂಗಿಗಳನ್ನು ಹೊಲಿದು, ಔಷಧಿಗಳನ್ನು ಸಿದ್ಧಪಡಿಸಿ, ಕಾಗದಗಳನ್ನು ಬರೆದು ಅವನನ್ನು ಸಲಹಿದವಳು. ಆಕೆಯ 124 ಕಾಗದಗಳು ಉಳಿದಿವೆ. ತಂದೆ ಮರಳಿ ಬಂದು ನಾಲ್ಕು ತಿಂಗಳು ತುಂಬುವುದರೊಳಗೆ, 1634ನೆಯ ಏಪ್ರಿಲ್ 2ರಂದು, ಮೂವತ್ತಮೂರರ ವಯಸ್ಸಿನಲ್ಲಿ ಅವಳು ತೀರಿಕೊಂಡಳು. ಮಾನ ಹೋದ, ಸ್ವಾತಂತ್ರ್ಯ ಹೋದ, ಮಗಳೂ ಹೋದ ಆ ಮನೆಯಲ್ಲಿ ಗೆಲಿಲಿಯೋ ತನ್ನ ಹಳೆಯ ಹಾಳೆಗಳನ್ನು ಬಿಚ್ಚಿದನು. ಆಕಾಶದ ಮಾತಿಗೆ ನಿಷೇಧವಿದ್ದಿತು. ಉರುಳುವ ಗುಂಡಿಗೂ ಬೀಳುವ ಕಲ್ಲಿಗೂ ಯಾರ ನಿಷೇಧವೂ ತಟ್ಟಿರಲಿಲ್ಲ. ಮೂವತ್ತು ವರ್ಷಗಳ ಹಿಂದೆ ಪಾದುವಾದಲ್ಲಿ ಮಾಡಿದ ಕಾರ್ಯವನ್ನು ಅವನು ಕ್ರಮಪಡಿಸಿ ಬರೆಯಲಾರಂಭಿಸಿದನು.

ಬರೆದರೂ ಅಚ್ಚಿಗೆ ದಾರಿಯಿರಲಿಲ್ಲ. ಅವನ ಯಾವ ಕೃತಿಗೂ ಅನುಮತಿ ಕೊಡಬಾರದೆಂದು ಆಜ್ಞೆಯಾಗಿದ್ದಿತು. ಹಸ್ತಪ್ರತಿ ಇಟಲಿಯನ್ನು ದಾಟಿ ಹಾಲೆಂಡಿಗೆ ಹೋಯಿತು. 1638ರಲ್ಲಿ ಲೈಡನ್ ನಗರದ ಎಲ್ಜೆವಿರ್ ಮುದ್ರಣಾಲಯದಿಂದ ಎರಡು ನೂತನ ವಿಜ್ಞಾನಗಳನ್ನು ಕುರಿತ ಸಂವಾದ ಹೊರಬಂದಿತು. ವಸ್ತುಗಳ ಬಲವನ್ನು ಕುರಿತದ್ದು ಒಂದು ವಿಜ್ಞಾನ. ಚಲನೆಯನ್ನು ಕುರಿತದ್ದು ಇನ್ನೊಂದು. ಅಷ್ಟು ಹೊತ್ತಿಗೆ ಕರ್ತೃವಿನ ಎರಡು ಕಣ್ಣುಗಳೂ ಕುರುಡಾಗಿದ್ದವು. ತನ್ನ ಜೀವಮಾನದ ಫಲವಾದ ಗ್ರಂಥವನ್ನು ಕೈಯಿಂದ ಮುಟ್ಟಿದನಲ್ಲದೆ ಕಣ್ಣಿಂದ ಕಾಣಲಿಲ್ಲ.

ಆ ಗ್ರಂಥದ ಮೂರನೆಯ ದಿನದ ಸಂವಾದದಲ್ಲಿ ಒಂದು ಸ್ವಾರಸ್ಯವಿದೆ. ಮೂವರು ಮಿತ್ರರು ಮಾತನಾಡುತ್ತಿರುವಾಗ ಒಬ್ಬನು, ವೇಗವು ಬಿದ್ದ ದೂರಕ್ಕೆ ಅನುಗುಣವಾಗಿ ಹೆಚ್ಚುತ್ತದೆಂದು ಹೇಳಬಾರದೇಕೆ ಎಂದು ಕೇಳುತ್ತಾನೆ. ಗೆಲಿಲಿಯೋವಿನ ಪರವಾಗಿ ಮಾತನಾಡುವ ಪಾತ್ರವು ಅದು ದೋಷಯುಕ್ತವೆಂದು ತಿಳಿಸಿ, ಗ್ರಂಥಕರ್ತನು ತಾನೂ ಕೆಲವು ಕಾಲ ಇದೇ ಭ್ರಾಂತಿಯಲ್ಲಿ ಇದ್ದುದನ್ನು ಒಪ್ಪಿಕೊಂಡಿದ್ದಾನೆಂದು ಹೇಳುತ್ತದೆ. 1604ರ ಆ ತಪ್ಪು ಒಂದು ಖಾಸಗಿ ಕಾಗದದಲ್ಲಿ ಅಡಗಿದ್ದಿತು. ಅದನ್ನು ಹೊರಗೆಡಹಬೇಕಾದ ಅಗತ್ಯವೇನೂ ಅವನಿಗಿರಲಿಲ್ಲ. ವಿರೋಧಿಗಳು ಸುತ್ತುವರಿದಿರುವಾಗ, ತನ್ನ ಒಂದೊಂದು ದೋಷವನ್ನೂ ಹುಡುಕುವವರಿರುವಾಗ, ಅವನು ಅದನ್ನು ತಾನಾಗಿ ಅಚ್ಚಿನಲ್ಲಿಟ್ಟನು.

ಐದು ವರ್ಷಗಳ ಅಂತರದಲ್ಲಿ ಗೆಲಿಲಿಯೋ ಎರಡು ಬಾರಿ ತನ್ನ ಮತವನ್ನು ಬಿಟ್ಟುದಾಗಿ ಹೇಳಿದಂತಾಯಿತು. 1633ರಲ್ಲಿ ಬಿಟ್ಟೆನೆಂದದ್ದು ಭಯದಿಂದ, ಬಲಾತ್ಕಾರದಿಂದ. ಅವನು ಬಿಟ್ಟೆನೆಂದ ಮಾತ್ರಕ್ಕೆ ಭೂಮಿ ನಿಲ್ಲಲಿಲ್ಲ. 1638ರಲ್ಲಿ ಬಿಟ್ಟೆನೆಂದದ್ದು ಸ್ವಂತ ಇಚ್ಛೆಯಿಂದ, ಅಳತೆಯೂ ಯುಕ್ತಿಯೂ ತೋರಿಸಿಕೊಟ್ಟ ಕಾರಣದಿಂದ. ಅಂದು ಬಿಟ್ಟ ತಪ್ಪು ಶಾಸ್ತ್ರಕ್ಕೆ ತಿರುಗಿ ಬರಲಿಲ್ಲ. ಅಧಿಕಾರದ ಮುಂದೆ ತಲೆಬಾಗುವುದಕ್ಕೂ ಸತ್ಯದ ಮುಂದೆ ತಲೆಬಾಗುವುದಕ್ಕೂ ಇರುವ ಅಂತರ ಇದಕ್ಕಿಂತ ಸ್ಪಷ್ಟವಾಗಿ ಮತ್ತೊಬ್ಬರ ಬಾಳಿನಲ್ಲಿ ಕಾಣುವುದು ಅಪೂರ್ವ.

ಕಣ್ಣಿಲ್ಲದ ಗುರುವಿಗೆ ಕೊನೆಯ ವರ್ಷಗಳಲ್ಲಿ ಕಣ್ಣಾದವರು ಶಿಷ್ಯರು. ತರುಣ ವಿವಿಯಾನಿ ಮನೆಯಲ್ಲಿದ್ದು ಗುರು ಹೇಳಿದುದನ್ನು ಬರೆದುಕೊಂಡನು. 1641ರ ಅಕ್ಟೋಬರಿನಲ್ಲಿ ಟಾರಿಸೆಲ್ಲಿಯೂ ಬಂದು ಸೇರಿದನು. ಮುಂದೆ ವಾಯುಭಾರಮಾಪಕವನ್ನು ರಚಿಸಿದವನು ಅವನೇ. 1642ನೆಯ ಜನವರಿ 8ರಂದು ಗೆಲಿಲಿಯೋ ಕಾಲವಶನಾದನು. ಅವನಿಗೆ ವೈಭವದ ಸಮಾಧಿಯನ್ನು ಕಟ್ಟಿಸಲು ಆಗ ಅವಕಾಶ ದೊರೆಯಲಿಲ್ಲ. ಫ್ಲಾರೆನ್ಸಿನ ಸಾಂತಾ ಕ್ರೋಚೆ ದೇವಾಲಯದ ಚಿಕ್ಕ ಕೋಣೆಯೊಂದರಲ್ಲಿದ್ದ ದೇಹಾವಶೇಷವನ್ನು 1737ರಲ್ಲಿ ಅಲ್ಲಿಯ ಪ್ರಧಾನ ಭಾಗದ ಸ್ಮಾರಕಕ್ಕೆ ತರಲಾಯಿತು. 1992ನೆಯ ಅಕ್ಟೋಬರ್ 31ರಂದು ಎರಡನೆಯ ಜಾನ್ ಪಾಲ್ ಪೋಪರು ಗೆಲಿಲಿಯೋವಿನ ವಿಚಾರದಲ್ಲಿ ಅಂದಿನ ಧರ್ಮಪಂಡಿತರಿಂದ ತಪ್ಪಾಗಿತ್ತೆಂದು ಒಪ್ಪಿಕೊಂಡರು.

ಗೆಲಿಲಿಯೋ ಎಲ್ಲವನ್ನೂ ಸರಿಯಾಗಿ ಕಂಡನೆಂದು ಹೇಳಬೇಕಾಗಿಲ್ಲ. ಸಮುದ್ರದ ಉಬ್ಬರವಿಳಿತಗಳಿಗೆ ಅವನು ಕೊಟ್ಟ ಕಾರಣ ನಿಲ್ಲಲಿಲ್ಲ. ಗ್ರಹಗಳು ದೀರ್ಘವೃತ್ತಗಳಲ್ಲಿ ಸುತ್ತುತ್ತವೆಂಬ ಕೆಪ್ಲರನ ಶೋಧವನ್ನು ಅವನು ಅಂಗೀಕರಿಸಲಿಲ್ಲ. ವಸ್ತು ಏಕೆ ಬೀಳುತ್ತದೆ ಎಂಬ ಪ್ರಶ್ನೆಯನ್ನು ಬದಿಗಿಟ್ಟು, ಹೇಗೆ ಬೀಳುತ್ತದೆ ಎಂಬುದನ್ನು ಮಾತ್ರ ಹೇಳಿದನು. ಆ ಸಂಯಮದಿಂದಲೇ ಅಡಿಪಾಯ ಭದ್ರವಾಯಿತು. ಅದರ ಮೇಲೆ 1687ರಲ್ಲಿ ನ್ಯೂಟನ್ನನು ಬಲ ಮತ್ತು ಗುರುತ್ವಗಳ ಸೌಧವನ್ನೆತ್ತಿದನು. 1971ನೆಯ ಆಗಸ್ಟಿನಲ್ಲಿ ಅಪೊಲೊ 15ರ ಯಾತ್ರಿಕ ಡೇವಿಡ್ ಸ್ಕಾಟ್ ಗಾಳಿಯಿಲ್ಲದ ಚಂದ್ರನ ಮೇಲೆ ಒಂದು ಸುತ್ತಿಗೆಯನ್ನೂ ಡೇಗೆಯ ಒಂದು ಗರಿಯನ್ನೂ ಒಟ್ಟಿಗೆ ಕೈಬಿಟ್ಟನು. ಎರಡೂ ಒಟ್ಟಿಗೆ ನೆಲವನ್ನು ಮುಟ್ಟಿದವು.

ಮನುಷ್ಯನನ್ನು ಚಂದ್ರನವರೆಗೆ ಕೊಂಡೊಯ್ದ ಆ ಶಾಸ್ತ್ರದ ಆರಂಭಕ್ಕೆ ಬೇಕಾದ ಸಾಮಗ್ರಿ ಒಂದು ಮರದ ಹಲಗೆ, ಒಂದು ಗುಂಡು, ಒಂದು ನೀರಿನ ಪಾತ್ರೆ, ಒಂದು ತಕ್ಕಡಿ. ಇವು ಯಾವ ಬಡ ಶಾಲೆಗೂ ನಿಲುಕದ ವಸ್ತುಗಳಲ್ಲ. ಇವನ್ನು ಮುಂದಿಟ್ಟುಕೊಂಡು ನೂರು ಬಾರಿ ಅಳೆಯುವ ತಾಳ್ಮೆಯೂ, ಅಳತೆಯು ತನ್ನ ಮಾತನ್ನು ಸುಳ್ಳಾಗಿಸಿದಾಗ ಅದನ್ನು ವಿದ್ಯಾರ್ಥಿಗಳೆದುರು ಒಪ್ಪಿಕೊಳ್ಳುವ ಧೈರ್ಯವೂ ಉಳ್ಳ ಅಧ್ಯಾಪಕನಿದ್ದಲ್ಲಿ ಗೆಲಿಲಿಯೋವಿನ ಶಾಲೆ ಇಂದಿಗೂ ನಡೆಯುತ್ತಿದೆ.